ಮುಖದ ಜೊತೆ ಮಗ್ಗವೂ ಚಿತ್ರದಲ್ಲಿ ಬರಲಿ

ಸಂಪಾದಕರಿಗೆ ನಮಸ್ಕಾರ.

ನಿಮ್ಮ ಭಾನುವಾರದ ಪುರವಣಿಯಲ್ಲಿ ನಮ್ಮ ಇಳಕಲ್ ಸೀರೆ ನೇಯುವವರ ಬಗ್ಗೆ ಬಂದ ಬರಹ ಓದಿದೆ. ಬರಹ ಚೆನ್ನಾಗಿದೆ. ಕೂಲಿಯ ವಿಚಾರ, ನೂಲಿನ ದರದ ವಿಚಾರ, ಮಕ್ಕಳು ಮಗ್ಗಕ್ಕೆ ಕೂರಲು ಒಲ್ಲೆ ಅನ್ನುವುದು, ಎಲ್ಲವನ್ನೂ ಬಿಡದೆ ಬರೆದಿದ್ದಾರೆ. ನನ್ನ ತಕರಾರು ಇರುವುದು ಜೊತೆಗಿದ್ದ ಚಿತ್ರದ ಬಗ್ಗೆ. ಒಬ್ಬ ಹಿರಿಯ ನೇಕಾರರ ಮುಖ. ಹಣೆಯ ಮೇಲೆ ಗೆರೆಗಳು, ಬಿಳಿ ಗಡ್ಡ, ಹೊಳೆಯುವ ಕಣ್ಣು. ಹಿಂದೆ ಏನೂ ಇಲ್ಲ, ಪೂರ್ತಿ ಮಸುಕು. ಅದರ ಕೆಳಗೆ ರೈತ ಅಂತ ಬರೆದಿದ್ದರೂ, ನಿವೃತ್ತ ಮಾಸ್ತರು ಅಂತ ಬರೆದಿದ್ದರೂ ಓದುಗರು ನಂಬುತ್ತಿದ್ದರು. ಅವರು ನೇಕಾರರು ಅಂತ ನನಗೆ ಗೊತ್ತಾಗಿದ್ದು ಚಿತ್ರದಿಂದಲ್ಲ, ಕೆಳಗಿನ ಒಂದು ಸಾಲಿನಿಂದ.

ನಾನು ಇದೇ ಊರಿನಲ್ಲಿ ಸ್ಟುಡಿಯೊ ಇಟ್ಟುಕೊಂಡಿದ್ದೇನೆ. ಮದುವೆ, ಸೀಮಂತ, ಪಾಸ್‌ಪೋರ್ಟ್ ಫೋಟೊ ಇದೇ ನನ್ನ ಹೊಟ್ಟೆಪಾಡು. ಬಿಡುವಾದಾಗ ನೇಕಾರರ ಓಣಿಗೆ ಕ್ಯಾಮೆರಾ ಹಿಡಿದು ಹೋಗುತ್ತೇನೆ. ಹಾಗಾಗಿ ಈ ವಿಷಯದಲ್ಲಿ ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ: ದುಡಿಯುವ ಜನರ ಬಗ್ಗೆ ಬರಹ ಹಾಕುವಾಗ ದಯವಿಟ್ಟು ವೈಡ್ ಆ್ಯಂಗಲ್ ಲೆನ್ಸಿನಲ್ಲಿ, ಅಂದರೆ ಹೆಚ್ಚು ಅಗಲದ ಜಾಗ ಹಿಡಿಸುವ ಲೆನ್ಸಿನಲ್ಲಿ, ತೆಗೆದ ಚಿತ್ರ ಹಾಕಿ, ಹಾಕಿದ ಮೇಲೆ ಅದಕ್ಕೆ ತಕ್ಕ ಜಾಗವನ್ನೂ ಕೊಡಿ.

ಯಾಕೆ ಅಂತ ಲೆಕ್ಕ ಸಮೇತ ಹೇಳುತ್ತೇನೆ. ಫುಲ್ ಫ್ರೇಮ್ ಕ್ಯಾಮೆರಾ (ಚಿತ್ರ ಹಿಡಿಯುವ ಸೆನ್ಸರ್ 36 ಮಿಲಿಮೀಟರ್ ಅಗಲ ಇರುವುದು) ಹಿಡಿದು ನೇಕಾರರಿಂದ ಎರಡು ಮೀಟರ್ ದೂರದಲ್ಲಿ ಕೂತಿದ್ದೀರಿ ಅಂದುಕೊಳ್ಳಿ. ಲೆನ್ಸಿನ ಎಂಎಂ ಸಂಖ್ಯೆ ದೊಡ್ಡದಾದಷ್ಟು ಅದು ಹಿಡಿಯುವ ಜಾಗ ಕಿರಿದು. 85 ಎಂಎಂ ಲೆನ್ಸ್ ಹಾಕಿದರೆ ನಿಮ್ಮ ಚೌಕಟ್ಟಿನಲ್ಲಿ ಬರುವುದು 85 ಸೆಂಟಿಮೀಟರ್ ಅಗಲದ ಜಾಗ ಅಷ್ಟೆ, ಅಂದರೆ ಎರಡು ಭುಜ, ಒಂದು ತಲೆ. ಅದೇ ಜಾಗದಿಂದ 28 ಎಂಎಂ ಹಾಕಿ ನೋಡಿ, ಎರಡೂವರೆ ಮೀಟರ್ ಅಗಲ ಬರುತ್ತದೆ. ಕುಣಿಮಗ್ಗ (ನೆಲದ ಕುಣಿಯಲ್ಲಿ ಕಾಲಿಟ್ಟು ನೇಯುವ ಮಗ್ಗ) ಇರುವ ಕೋಣೆಯ ಹೆಚ್ಚಿನ ಭಾಗ ಬಂದೇಬಿಟ್ಟಿತು. ಇನ್ನು ಸ್ಪಷ್ಟತೆಯ ವಿಚಾರ. 85 ಎಂಎಂ ಲೆನ್ಸನ್ನು ಎಫ್ 1.8ರಲ್ಲಿ, ಅಂದರೆ ಬೆಳಕಿನ ಕಿಂಡಿ ಅಗಲವಾಗಿ, ತೆರೆದಿಟ್ಟರೆ ಆ ಎರಡು ಮೀಟರ್ ದೂರದಲ್ಲಿ ಸ್ಪಷ್ಟವಾಗಿ ಕಾಣುವ ಪಟ್ಟಿ ಸುಮಾರು 6 ಸೆಂಟಿಮೀಟರ್. ಕಣ್ಣು ಬಂತು ಅಂದರೆ ಕಿವಿ ಮಸುಕು. 28 ಎಂಎಂ ಹಾಕಿ, ಕಿಂಡಿ ಕಿರಿದು ಮಾಡಿ ಎಫ್ 8 ಇಟ್ಟು ಅದೇ ಮುಖಕ್ಕೆ ಫೋಕಸ್ ಮಾಡಿದರೆ ಹೆಚ್ಚುಕಡಿಮೆ 1.25 ಮೀಟರ್‌ನಿಂದ 5 ಮೀಟರ್‌ವರೆಗೆ ಎಲ್ಲ ಸ್ಪಷ್ಟ. ಮುಂದಿನ ನೂಲು, ಹಿಂದಿನ ಗೋಡೆ, ಬಾಗಿಲಲ್ಲಿ ನಿಂತು ಇಣುಕುವ ಮೊಮ್ಮಗಳು, ಎಲ್ಲರೂ ಬರುತ್ತಾರೆ.

ಅದರಿಂದ ಓದುಗರಿಗೆ ಏನು ಸಿಗುತ್ತದೆ? ನಮ್ಮ ಸೀರೆಯ ವಿಚಾರವನ್ನೇ ತಗೊಳ್ಳಿ. ಇಳಕಲ್ ಸೀರೆಯ ಹೆಚ್ಚುಗಾರಿಕೆ ಇರುವುದೇ ಕೊಂಡಿಯಲ್ಲಿ. ಸೀರೆಯ ಮೈಗೆ ಒಂದು ಹಾಸು (ಮಗ್ಗದ ಮೇಲೆ ಉದ್ದಕ್ಕೆ ಕಟ್ಟಿದ ನೂಲು), ಸೆರಗಿಗೆ ಬೇರೆ ಹಾಸು. ಮೈ ಹತ್ತಿಯದಿದ್ದರೆ ಸೆರಗು ರೇಷ್ಮೆಯದು. ಆ ಎರಡು ಹಾಸಿನ ಎಳೆಗಳನ್ನು ಒಂದರೊಳಗೆ ಒಂದು ಕುಣಿಕೆ ಹಾಕಿ ಜೋಡಿಸುತ್ತಾರೆ, ಅದೇ ಕೊಂಡಿ. ಕೂತು ನೋಡಿದವರಿಗೇ ಅದರ ಕಷ್ಟ ಗೊತ್ತು. ಬೆರಳ ತುದಿ ನೂಲಿಗೆ ತಾಗಿಯೇ ಇರುತ್ತದೆ, ಕಣ್ಣು ಆಚೆ ಈಚೆ ಹೋಗುವುದಿಲ್ಲ, ಒಂದು ಕಡೆ ಸೆರಗಿನ ಕೆಂಪು ಎಳೆಗಳ ಸಾಲು, ಇನ್ನೊಂದು ಕಡೆ ಸೀರೆಯ ಮೈಯ ಬಣ್ಣದ ಎಳೆಗಳ ಸಾಲು, ನಡುವೆ ಸಣ್ಣ ಸಣ್ಣ ಕುಣಿಕೆಗಳ ಒಂದು ಗೆರೆ ನಿಧಾನಕ್ಕೆ ಉದ್ದ ಆಗುತ್ತಾ ಹೋಗುತ್ತದೆ. ಇದನ್ನು ಮುಖದ ಜೊತೆಗೇ ತೋರಿಸಬೇಕು ಅಂದರೆ ಕ್ಯಾಮೆರಾವನ್ನು ಹಾಸಿನ ಮಟ್ಟಕ್ಕೆ ಇಳಿಸಿ, ನೂಲಿನ ಹತ್ತಿರ ಹಿಡಿದು, ಆಚೆ ತುದಿಯಲ್ಲಿ ಮುಖ ಬರುವ ಹಾಗೆ ಕೂರಬೇಕು. ಆಗ ಎಳೆಗಳೆಲ್ಲ ಚಿತ್ರದ ಕೆಳ ಅಂಚಿನಿಂದ ಶುರುವಾಗಿ ಓದುಗರ ಕಣ್ಣನ್ನು ಎಳೆದುಕೊಂಡು ನೇರ ಆ ಕೈಗೆ, ಅಲ್ಲಿಂದ ಮುಖಕ್ಕೆ ಹೋಗುತ್ತವೆ. ಈ ಕೆಲಸ 85ರಂಥ ಉದ್ದದ ಲೆನ್ಸಿನಿಂದ ಆಗುವುದಿಲ್ಲ. ಹತ್ತಿರದ್ದು ದೊಡ್ಡದಾಗಿ, ದೂರದ್ದು ಸಣ್ಣದಾಗಿ ಕಾಣಬೇಕು ಅಂದರೆ ಹತ್ತಿರ ಹೋಗಲೇಬೇಕು, ಹತ್ತಿರ ಹೋದ ಮೇಲೂ ಎಲ್ಲ ಹಿಡಿಸಬೇಕು ಅಂದರೆ ವೈಡ್ ಲೆನ್ಸೇ ಬೇಕು.

ಇನ್ನೊಂದು ಮಾತು, ಇದು ನನಗೆ ಎಲ್ಲಕ್ಕಿಂತ ದೊಡ್ಡದು. ಸೀರೆ ನೇಯುವುದು ಒಬ್ಬರ ಕೆಲಸ ಅಲ್ಲ. ಕುಣಿಯಲ್ಲಿ ಕಾಲಿಟ್ಟು ಕೂತವರು ಒಬ್ಬರಾದರೆ, ಗೋಡೆ ಪಕ್ಕ ರಾಟಿ ತಿರುಗಿಸುತ್ತಾ ಕಂಡಿಕೆ ಸುತ್ತುವವರು ಇನ್ನೊಬ್ಬರು, ಅವರು ಹೆಚ್ಚಾಗಿ ಹೆಂಡತಿಯೋ ತಾಯಿಯೋ ಆಗಿರುತ್ತಾರೆ. ಕಂಡಿಕೆ ಅಂದರೆ ಲಾಳಿಯೊಳಗೆ ಕೂರಿಸುವ ನೂಲಿನ ಸುರುಳಿ, ಅದಿಲ್ಲದೆ ಲಾಳಿ ಓಡುವುದಿಲ್ಲ. ಮುಖ ಮಾತ್ರ ತೆಗೆದಾಗ ಆ ಹೆಣ್ಣುಮಕ್ಕಳು ಚಿತ್ರದಿಂದ ಹೊರಗೆ ಹೋಗುತ್ತಾರೆ. ಓದುಗರು ನೇಕಾರ ಅಂದರೆ ಒಬ್ಬ ಗಂಡಸು ಅಂದುಕೊಳ್ಳುತ್ತಾರೆ. ಆ ಹೆಣ್ಣುಮಕ್ಕಳ ದುಡಿಮೆಗೆ ಕೂಲಿ ಲೆಕ್ಕದಲ್ಲಿ ಬೇರೆ ಜಾಗ ಇಲ್ಲ, ಚಿತ್ರದಲ್ಲೂ ಇಲ್ಲ ಅಂದರೆ ಹೇಗೆ? ಹಿಂದೆ ಮಬ್ಬು ಬೆಳಕಿನಲ್ಲಿ ರಾಟಿ ಮುಂದೆ ಕೂತ ಒಬ್ಬ ಅವ್ವ ಸಣ್ಣದಾಗಿ ಬಂದರೂ ಸಾಕು, ಅವರನ್ನು ನೋಡಿದವರಿಗೆ ಮನೆಯ ಎಷ್ಟು ಜನರ ಕೈ ಈ ಸೀರೆಯಲ್ಲಿದೆ ಅಂತ ತಿಳಿಯುತ್ತದೆ.

ವೈಡ್ ಲೆನ್ಸಿನಲ್ಲಿ ಮುಖ ಕೆಡುತ್ತದೆ, ಮೂಗು ದಪ್ಪ ಕಾಣುತ್ತದೆ ಅಂತ ಬಹಳ ಜನ ಹೇಳುತ್ತಾರೆ. ಅದಕ್ಕೆ ಕಾರಣ ಲೆನ್ಸ್ ಅಲ್ಲ, ದೂರ. ಮೂಗಿನ ತುದಿಯಿಂದ ಕಿವಿಗೆ ಸುಮಾರು 12 ಸೆಂಟಿಮೀಟರ್ ಅಂತ ಇಟ್ಟುಕೊಳ್ಳಿ. ನೀವು ಕ್ಯಾಮೆರಾವನ್ನು ಮೂಗಿನಿಂದ 40 ಸೆಂಟಿಮೀಟರ್‌ಗೆ ತಂದರೆ ಕಿವಿ ಮೂಗಿಗಿಂತ ನೂರಕ್ಕೆ 30ರಷ್ಟು ಹೆಚ್ಚು ದೂರದಲ್ಲಿರುತ್ತದೆ, ಅದಕ್ಕೆ ತಕ್ಕ ಹಾಗೆ ಸಣ್ಣದಾಗಿ ಕಾಣುತ್ತದೆ, ಮೂಗು ಉಬ್ಬಿದ ಹಾಗೆ ಆಗುತ್ತದೆ. ಒಂದೂವರೆ ಮೀಟರ್‌ಗೆ ಸರಿದರೆ ಆ ವ್ಯತ್ಯಾಸ ನೂರಕ್ಕೆ 8ಕ್ಕೆ ಇಳಿಯುತ್ತದೆ, ಆಮೇಲೆ ಮುಖ ಮುಖದ ಹಾಗೇ ಇರುತ್ತದೆ. ನಾವು ಎದುರು ಕೂತು ಮಾತಾಡುವ ದೂರವೂ ಹೆಚ್ಚುಕಡಿಮೆ ಅಷ್ಟೇ ಅಲ್ವಾ? ಆ ದೂರದಿಂದ ತೆಗೆದ ಚಿತ್ರ ನೋಡುವವರಿಗೂ ಎದುರು ಕೂತ ಹಾಗೆ ಅನಿಸುತ್ತದೆ.

ಅಂಚಿನ ವಿಚಾರ ಮಾತ್ರ ನಿಜವಾದ ತೊಂದರೆ. 24 ಎಂಎಂ ಲೆನ್ಸಿನ ಎಡ ಬಲ ಅಂಚಿಗೆ ಬಂದ ಮುಖ ಸುಮಾರು ಕಾಲು ಭಾಗದಷ್ಟು ಅಗಲ ಆಗುತ್ತದೆ, ಮೂಲೆಗೆ ಹೋದರೆ ಇನ್ನೂ ಜಾಸ್ತಿ ಎಳೆದುಕೊಳ್ಳುತ್ತದೆ. ಮದುವೆಯ ಗುಂಪು ಫೋಟೊದಲ್ಲಿ ತುದಿಗೆ ನಿಂತವರು ಯಾವಾಗಲೂ ಬೇಜಾರು ಮಾಡಿಕೊಳ್ಳುವುದು ಇದಕ್ಕೇ. ಹಾಗಾಗಿ ಮುಖವನ್ನು ನಡುವಿಗೆ ಹತ್ತಿರ ಇಟ್ಟುಕೊಳ್ಳಬೇಕು, ಅಂಚಿಗೆ ಮಗ್ಗದ ಕಂಬ, ಗೋಡೆ, ಬಾಗಿಲು ಬರಲಿ. ಕ್ಯಾಮೆರಾವನ್ನು ಮೇಲಕ್ಕೋ ಕೆಳಕ್ಕೋ ವಾಲಿಸಿದರೆ ಕಂಬಗಳು ಒಂದರ ಕಡೆ ಒಂದು ಬಾಗುತ್ತವೆ, ನಿಂತು ಕೆಳಗೆ ನೋಡಿ ತೆಗೆದರೆ ಕೂತವರ ತಲೆ ದೊಡ್ಡದಾಗಿ ಕಾಲು ಸಣ್ಣದಾಗುತ್ತದೆ. ಕುಣಿಮಗ್ಗದವರು ನೆಲದ ಮಟ್ಟಕ್ಕೆ ಕೂತಿರುತ್ತಾರೆ, ಫೋಟೊ ತೆಗೆಯುವವರೂ ನೆಲಕ್ಕೆ ಕೂರಬೇಕು. ನಿಂತುಕೊಂಡು ಮೇಲಿನಿಂದ ಒಬ್ಬರನ್ನು ನೋಡುವುದು ನಮ್ಮ ಕಡೆ ಮರ್ಯಾದೆಯೂ ಅಲ್ಲ.

ಯಾವ ಲೆನ್ಸು ಅಂತ ಹೊಸ ಹುಡುಗರು ನನ್ನನ್ನು ಕೇಳುತ್ತಿರುತ್ತಾರೆ. 35 ಎಂಎಂ ಒಬ್ಬರಿಗೆ, ಅವರ ಕೈಗೆ, ಕೈಯಲ್ಲಿರುವ ಕೆಲಸಕ್ಕೆ ಸಾಕು. ಮನೆಯೂ ಬೇಕು ಅಂದರೆ 28. ಕೋಣೆ ಇಕ್ಕಟ್ಟಾಗಿ ಬೆನ್ನು ಗೋಡೆಗೆ ತಾಗಿದರೆ 24. ಅದಕ್ಕಿಂತ ಕೆಳಗೆ ಮನುಷ್ಯರ ಚಿತ್ರಕ್ಕೆ ಹೋಗಬೇಡಿ ಅಂತಲೇ ನಾನು ಹೇಳುತ್ತೇನೆ, ಅಲ್ಲಿಂದ ಮುಂದೆ ಲೆನ್ಸಿನ ಆಟ ಕಾಣುತ್ತದೆ, ಮನುಷ್ಯ ಕಾಣುವುದಿಲ್ಲ. ಇವೆಲ್ಲ ಫುಲ್ ಫ್ರೇಮ್ ಲೆಕ್ಕ. ಸಣ್ಣ ಸೆನ್ಸರ್ ಇರುವ ಹೆಚ್ಚಿನ ಕ್ಯಾಮೆರಾಗಳಲ್ಲಿ ಸುಮಾರು ಒಂದೂವರೆ ಪಟ್ಟು ಗುಣಿಸಬೇಕು, ಅಲ್ಲಿ 24 ಹಾಕಿದರೆ 36ರ ಹಾಗೆ ಕೆಲಸ ಮಾಡುತ್ತದೆ. ಅಂಥ ಕ್ಯಾಮೆರಾದ ಜೊತೆಗೇ ಬರುವ 18-55 ಲೆನ್ಸ್ ಇದ್ದವರು 18ಕ್ಕೆ ಇಟ್ಟುಕೊಂಡರೆ ಹೆಚ್ಚುಕಡಿಮೆ 27 ಆಯಿತು. ಅಂದರೆ ಹೊಸದೇನೂ ಕೊಳ್ಳುವುದು ಬೇಡ.

ಅಷ್ಟೇ ಅಲ್ಲ, ಎಲ್ಲರ ಜೇಬಿನಲ್ಲೂ ಒಂದು ವೈಡ್ ಲೆನ್ಸ್ ಆಗಲೇ ಇದೆ. ಈಗಿನ ಫೋನುಗಳ ಮುಖ್ಯ ಕ್ಯಾಮೆರಾ ಸಾಮಾನ್ಯವಾಗಿ 24ರಿಂದ 26 ಎಂಎಂಗೆ ಸಮ. ಆದರೆ ಜನ ಮಾಡುವುದೇನು? ಪೋರ್ಟ್ರೇಟ್ ಮೋಡ್ ಒತ್ತುತ್ತಾರೆ. ಅದು ಹಿಂದಿನದನ್ನೆಲ್ಲ ಲೆಕ್ಕ ಹಾಕಿ ಮಸುಕು ಮಾಡುತ್ತದೆ. ಆ ಲೆಕ್ಕಕ್ಕೆ ಮುಖ ಗೊತ್ತು, ನೂಲು ಗೊತ್ತಿಲ್ಲ. ನೇಕಾರರ ಮುಂದೆ ಹರಡಿದ ಎಳೆಗಳನ್ನು ಅದು ಎಲ್ಲೋ ಅರ್ಧಕ್ಕೆ ಅಳಿಸಿಬಿಡುತ್ತದೆ, ಬೆರಳ ಸುತ್ತ ನೂಲು ಕಾಣೆಯಾಗಿ ಬರೀ ಕೈ ಗಾಳಿಯಲ್ಲಿ ಇದ್ದ ಹಾಗೆ ಆಗುತ್ತದೆ. ಮಗ್ಗದ ಮುಂದೆ ಆ ಮೋಡ್ ಆಫ್ ಮಾಡಿ. ಸುಮ್ನೆ ಮಾಮೂಲಿ ಕ್ಯಾಮೆರಾದಲ್ಲಿ, ಜೂಮ್ 1ರಲ್ಲೇ ಇಟ್ಟು, ಒಂದೂವರೆ ಮೀಟರ್ ದೂರ ಕೂತು ತೆಗೆಯಿರಿ. 0.5 ಬೇಡ, ಅದು 24ಕ್ಕಿಂತಲೂ ಅಗಲದ ಲೆನ್ಸ್.

ಬೆಳಕಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ನಮ್ಮ ಮಾಳಿಗೆ ಮನೆಗಳಲ್ಲಿ ಬಾಗಿಲಿಂದ ಬರುವ ಬೆಳಕು, ಬೆಳಕಿಂಡಿಯಿಂದ ಇಳಿಯುವ ಬೆಳಕು ಎರಡೇ ಇರುವುದು, ಅವೇ ಸಾಕು. ಕ್ಯಾಮೆರಾ ಮೇಲಿನ ಫ್ಲ್ಯಾಶ್ ಹಾಕಿದರೆ ಹತ್ತಿರದ ನೂಲು ಬೆಳ್ಳಗಾಗಿ ಹಿಂದಿನ ಕೋಣೆ ಕತ್ತಲಾಗುತ್ತದೆ, ವೈಡ್ ಲೆನ್ಸ್ ಹಾಕಿದ್ದಕ್ಕೆ ಅರ್ಥವೇ ಉಳಿಯುವುದಿಲ್ಲ. ಐಎಸ್‌ಒ, ಅಂದರೆ ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನುವ ಅಂಕಿ, 1600, 3200ಕ್ಕೆ ಏರಿಸಿ, ಸ್ವಲ್ಪ ಕಾಳು ಕಾಳಾಗಿ ಬಂದರೂ ಪತ್ರಿಕೆಯ ಕಾಗದದಲ್ಲಿ ಗೊತ್ತಾಗುವುದಿಲ್ಲ. ಷಟರ್ ತೆರೆದಿರುವ ಹೊತ್ತು ಸೆಕೆಂಡಿನ 1/30 ಇಟ್ಟರೂ ವೈಡ್ ಲೆನ್ಸಿನಲ್ಲಿ ಕೈ ನಡುಕ ಅಷ್ಟಾಗಿ ಕಾಣುವುದಿಲ್ಲ, ಅದೇ ಹೊತ್ತಿಗೆ ಓಡುವ ಲಾಳಿ ಒಂದು ಗೆರೆಯಾಗಿ ಬರುತ್ತದೆ. ಅದು ಚಿತ್ರಕ್ಕೆ ಒಳ್ಳೆಯದೇ, ಕೆಲಸ ನಡೆಯುತ್ತಿದೆ ಅಂತ ಗೊತ್ತಾಗುತ್ತದೆ.

ಹತ್ತಿರ ಹೋಗಬೇಕು ಅಂದೆ. ಅದರಲ್ಲಿ ಇನ್ನೊಂದು ಒಳ್ಳೆಯದಿದೆ. ಉದ್ದದ ಲೆನ್ಸ್ ಹಿಡಿದರೆ ರಸ್ತೆಯ ಆಚೆಯಿಂದಲೇ, ಅವರಿಗೆ ಗೊತ್ತಿಲ್ಲದ ಹಾಗೆ ಮುಖ ತೆಗೆದುಕೊಂಡು ಹೋಗಬಹುದು. 28 ಹಿಡಿದರೆ ಹೊಸ್ತಿಲು ದಾಟಲೇಬೇಕು. ದಾಟುವ ಮೊದಲು ಕೇಳಬೇಕು. "ಯಜಮಾನ್ರ, ಒಳಗ ಬರಲೇನ್ರಿ?" ಅಂದರೆ ನಮ್ಮ ಕಡೆ ಬೇಡ ಅನ್ನುವವರು ಕಡಿಮೆ. ಬರ್ರಿ ಅಂತಾರೆ, ಕೂರಲು ಚಾಪೆ ಹಾಸುತ್ತಾರೆ, ಚಹಾ ಬರುತ್ತದೆ. ಚಹಾ ಕುಡಿಯಿರಿ, ಕ್ಯಾಮೆರಾ ಆಮೇಲೆ ತೆಗೆಯಿರಿ. ಮೊದಲ ಹತ್ತು ಹದಿನೈದು ನಿಮಿಷ ಎಲ್ಲರೂ ಕ್ಯಾಮೆರಾ ನೋಡಿ ನೆಟ್ಟಗೆ ಕೂರುತ್ತಾರೆ, ಆಮೇಲೆ ಮಗ್ಗ ತಾನಾಗಿ ಅವರನ್ನು ಕೆಲಸಕ್ಕೆ ಎಳೆಯುತ್ತದೆ, ಆಗ ಶುರು ಮಾಡಿ.

ಒಳಗೆ ಹೋದ ಮೇಲೆ ಇನ್ನೊಂದು ಜವಾಬ್ದಾರಿ ಬರುತ್ತದೆ, ಇದನ್ನು ಬಹಳ ಜನ ಮರೆಯುತ್ತಾರೆ. ವೈಡ್ ಲೆನ್ಸ್ ಮನೆಯ ಗುಟ್ಟನ್ನೂ ಹಿಡಿಯುತ್ತದೆ. ಗೂಡಿನಲ್ಲಿಟ್ಟ ಗುಳಿಗೆ ಚೀಟಿ, ಗೋಡೆಗೆ ಸಿಕ್ಕಿಸಿದ ಸಾಲದ ಪಾಸ್‌ಬುಕ್ಕು, ಹಗ್ಗದ ಮೇಲೆ ಒಣಗುವ ಬಟ್ಟೆ. ತೆಗೆದ ಚಿತ್ರವನ್ನು ಹಿಂದಿನ ಪರದೆಯಲ್ಲಿ ಅವರಿಗೆ ತೋರಿಸಿ, ಇದು ಪೇಪರಿನಲ್ಲಿ ಬರಬಹುದಾ ಅಂತ ಕೇಳಿ. ಬೇಡ ಅಂದರೆ ಕೋನ ಬದಲಿಸಿ. ಅದೇ ರೀತಿ ಅವರು ತಾವಾಗಿ ಬೇಡ ಅನ್ನದೆ ಇರುವುದನ್ನು ನಾವು ಅಂದಗೆಡುತ್ತದೆ ಅಂತ ಎತ್ತಿ ಪಕ್ಕಕ್ಕೆ ಇಡುವುದೂ ತಪ್ಪು. ಕ್ಯಾಲೆಂಡರ್ ಇರಲಿ, ಬಣ್ಣ ಹೋದ ಬಕೀಟು ಇರಲಿ, ಜಗುಲಿ ಮೇಲಿನ ದೇವರು ಇರಲಿ. ಒಬ್ಬ ಫೋಟೊಗ್ರಾಫರ್ ನೇಕಾರರಿಗೆ ಹೊಸ ರುಮಾಲು ಸುತ್ತಿಸಿ, ಕೈಗೆ ಮಡಚಿದ ಸೀರೆ ಕೊಟ್ಟು, ನಗ್ರಿ ಅಂತ ನಿಲ್ಲಿಸಿದ್ದನ್ನು ನಾನು ನೋಡಿದ್ದೇನೆ. ಆ ಚಿತ್ರ ಜಾಹೀರಾತಿಗೆ ಆಗಬಹುದು, ಅವರ ಬದುಕಿನ ಬರಹಕ್ಕೆ ಆಗುವುದಿಲ್ಲ.

ಇನ್ನು ನಿಮ್ಮ ಕಡೆಯ ಮಾತು, ಸಂಪಾದಕರೇ. ಫೋಟೊಗ್ರಾಫರ್ ಇಷ್ಟೆಲ್ಲ ಮಾಡಿ ಕಳಿಸಿದ ಚಿತ್ರವನ್ನು ಪುಟ ಕಟ್ಟುವವರು ಕತ್ತರಿಸಿ ಮುಖ ಮಾತ್ರ ಉಳಿಸಿದರೆ ಎಲ್ಲ ನೀರಿನಲ್ಲಿ ಹೋಮ. ನಿಮ್ಮ ಪುರವಣಿಯಲ್ಲಿ ಈಚೆಗೆ ದುಂಡನೆಯ ಚೌಕಟ್ಟಿನೊಳಗೆ ಮುಖ ಕೂರಿಸುವ ರೂಢಿ ಬಂದಿದೆ, ಅದು ಅಂಕಣಕಾರರಿಗೆ ಸರಿ. ವೈಡ್ ಚಿತ್ರಕ್ಕೆ ಅಗಲ ಬೇಕು. ಎರಡೂವರೆ ಮೀಟರ್ ಕೋಣೆಯ ಚಿತ್ರವನ್ನು ಒಂದು ಕಾಲಂಗೆ, ಅಂದರೆ 4 ಸೆಂಟಿಮೀಟರ್‌ಗೆ ಇಳಿಸಿದರೆ ಅದರಲ್ಲಿನ ಮುಖ ಎರಡು ಮಿಲಿಮೀಟರ್ ಚಿಲ್ಲರೆ ಆಗುತ್ತದೆ, ಸಾಸಿವೆ ಕಾಳಿನಷ್ಟು. ನಾಲ್ಕು ಕಾಲಂ ಕೊಟ್ಟರೆ ಮುಖ 9 ಮಿಲಿಮೀಟರ್ ಬರುತ್ತದೆ, ಕಣ್ಣು ಕಾಣುತ್ತದೆ, ಕೈ ಕಾಣುತ್ತದೆ, ಹಿಂದಿನ ರಾಟಿಯೂ ಕಾಣುತ್ತದೆ. ಮೂರು ಸಣ್ಣ ಮುಖಗಳ ಬದಲು ಒಂದು ಅಗಲದ ಚಿತ್ರ ಹಾಕಿ.

ಪತ್ರಿಕೆಗಳು ಹಿಂಜರಿಯುವುದು ಹೊಸದಲ್ಲ. ಅಮೆರಿಕದ ಆರ್ನಾಲ್ಡ್ ನ್ಯೂಮನ್ 1946ರಲ್ಲಿ ಸಂಗೀತಗಾರ ಇಗೋರ್ ಸ್ಟ್ರಾವಿನ್‌ಸ್ಕಿ ಅವರ ಚಿತ್ರ ತೆಗೆದರು. ಚಿತ್ರದ ತುಂಬ ಪಿಯಾನೊದ ಎತ್ತಿದ ಮುಚ್ಚಳ, ಸ್ಟ್ರಾವಿನ್‌ಸ್ಕಿ ಕೆಳಗೆ ಒಂದು ಮೂಲೆಯಲ್ಲಿ ಕೈಗೆ ತಲೆ ಆನಿಸಿ ಕೂತಿದ್ದಾರೆ. ತೆಗೆಸಿದ ಪತ್ರಿಕೆಯೇ ಅದನ್ನು ಬೇಡ ಅಂದಿತ್ತು. ಇವತ್ತು ವ್ಯಕ್ತಿಚಿತ್ರದ ಪಾಠ ಮಾಡುವವರು ಮೊದಲು ತೋರಿಸುವ ಚಿತ್ರಗಳಲ್ಲಿ ಅದೊಂದು. ಅಲ್ಲಿ ಯಾವ ಲೆನ್ಸು ಅನ್ನುವುದು ನನಗೆ ಮುಖ್ಯ ಅಲ್ಲ, ಆ ಮನುಷ್ಯನ ಕೆಲಸಕ್ಕೆ ಮುಖಕ್ಕಿಂತ ಹೆಚ್ಚು ಜಾಗ ಕೊಟ್ಟರಲ್ಲ, ಅದು ಮುಖ್ಯ. ನಮ್ಮವರೇ ಆದ ಮೈಸೂರಿನ ಟಿ. ಎಸ್. ಸತ್ಯನ್ ಅವರೂ ಸಾಮಾನ್ಯ ಜನರನ್ನು ಅವರ ಬೀದಿ, ಅವರ ಕೆಲಸದ ನಡುವೆಯೇ ತೆಗೆದವರು. 1977ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಕನ್ನಡದಲ್ಲಿ ಈ ದಾರಿ ಇಲ್ಲದ್ದೇನಲ್ಲ.

ಬರೀ ನೇಕಾರರ ಮಾತಲ್ಲ ಇದು. ನಮ್ಮ ಜಿಲ್ಲೆಯಲ್ಲಿ ಮುಳುಗಡೆ ಅನ್ನುವುದು ಮುಗಿದ ಕಥೆ ಅಲ್ಲ. ಆಲಮಟ್ಟಿ ಅಣೆಕಟ್ಟೆಯ ನೀರಿನ ಮಟ್ಟವನ್ನು 519.6 ಮೀಟರ್‌ನಿಂದ 524.256 ಮೀಟರ್‌ಗೆ ಏರಿಸುವ ಮಾತು ಇದೆ, ಏರಿದರೆ ಇನ್ನಷ್ಟು ಊರು, ಹೊಲ ನೀರಿಗೆ ಹೋಗುತ್ತವೆ. ಇದೇ ಅಣೆಕಟ್ಟೆಯ ಹಿನ್ನೀರಿನಿಂದ ಹಳೆ ಬಾಗಲಕೋಟೆಯ ಜನ ಮನೆ ಬಿಟ್ಟು ನವನಗರಕ್ಕೆ ಹೋದಾಗ ಕಣ್ಣೀರಿನ ಮುಖಗಳ ಚಿತ್ರಗಳು ಬಂದವು. ಈಗ ಆ ಮನೆಯ ಕಟ್ಟೆ ಹೇಗಿತ್ತು, ತೊಲೆಯ ಕೆತ್ತನೆ ಹೇಗಿತ್ತು, ಅಡುಗೆಮನೆಗೂ ದನದ ಕೊಟ್ಟಿಗೆಗೂ ನಡುವೆ ಎಷ್ಟು ಜಾಗ ಇತ್ತು ಅಂತ ಮೊಮ್ಮಕ್ಕಳು ಕೇಳಿದರೆ ಮುಖದ ಚಿತ್ರದಲ್ಲಿ ಉತ್ತರ ಸಿಗುವುದಿಲ್ಲ. ನದಿ ದಂಡೆಯ ಊರುಗಳಲ್ಲಿ ಈಗ ಚಿತ್ರ ತೆಗೆಯುತ್ತಿರುವವರಿಗೆ ನನ್ನ ಬೇಡಿಕೆ ಇಷ್ಟೇ: ಅಜ್ಜಿಯನ್ನು ಅಂಗಳದಲ್ಲಿ ಕೂರಿಸಿ ಅಂಗಳ ಸಮೇತ ತೆಗೆಯಿರಿ. ಅಜ್ಜಿಯ ದುಃಖ ಮುಖದಲ್ಲಿ ಕಾಣಲಿ, ಯಾವುದಕ್ಕೆ ದುಃಖ ಅನ್ನುವುದೂ ಅದೇ ಚಿತ್ರದಲ್ಲಿ ಇರಲಿ.

ಎಲ್ಲ ಕಡೆ ವೈಡ್ ಹಾಕಿ ಅಂತ ನಾನು ಹೇಳುತ್ತಿಲ್ಲ. ವಧುವಿನ ಚಿತ್ರಕ್ಕೆ ನಾನೂ 85 ಎಂಎಂ ಹಾಕುತ್ತೇನೆ, ಛತ್ರದ ಪ್ಲಾಸ್ಟಿಕ್ ಕುರ್ಚಿ ಯಾರಿಗೆ ಬೇಕು? ಶ್ರದ್ಧಾಂಜಲಿ, ಸಂದರ್ಶನ, ಅಲ್ಲಿ ಮುಖ ಸಾಕು. ಮನುಷ್ಯರನ್ನು ಅವರ ಕೆಲಸದಿಂದ, ಅವರ ಜಾಗದಿಂದ ಗುರುತಿಸಿ ಬರೆಯುವಾಗ ಮಾತ್ರ ಚಿತ್ರದಲ್ಲೂ ಅದು ಇರಲಿ ಅನ್ನುತ್ತಿದ್ದೇನೆ.

ಮುಂದಿನ ಸಂಚಿಕೆಯಲ್ಲಿ ಗುಳೇದಗುಡ್ಡದ ಖಣದ (ಕುಪ್ಪಸದ ಬಟ್ಟೆ) ಬಗ್ಗೆ ಬರಹ ಬರುತ್ತದೆ ಅಂತ ಪುರವಣಿಯಲ್ಲೇ ಹಾಕಿದ್ದೀರಿ. ಅದಕ್ಕೆ ಫೋಟೊಗ್ರಾಫರ್ ಕಳಿಸುವಾಗ ಬೆಳಗ್ಗೆಯೇ ಕಳಿಸಿ, ಬಾಗಿಲ ಬೆಳಕು ಆಗ ಚೆನ್ನಾಗಿರುತ್ತದೆ. ಹೋಗುವ ಮನೆಯವರಿಗೆ ಹಿಂದಿನ ದಿನವೇ ಫೋನ್ ಮಾಡಿ ಹೇಳಿಸಿ. ಚಿತ್ರದ ಕೆಳಗೆ ಮಗ್ಗದವರ ಹೆಸರಿನ ಜೊತೆ ಕಂಡಿಕೆ ಸುತ್ತಿದವರ ಹೆಸರನ್ನೂ, ಅವರು ಒಪ್ಪಿದರೆ, ಹಾಕಿ.

– ಒಬ್ಬ ಛಾಯಾಗ್ರಾಹಕ, ಇಳಕಲ್, ಬಾಗಲಕೋಟೆ ಜಿಲ್ಲೆ